ನೀರು ಇಳಿಯುವುದರೊಳಗೆ

"ನೂರ ಎಪ್ಪತ್ತು, ನೂರ ಹನ್ನೆರಡು," ಎಂದು ಝರ್ನಾ ರಕ್ತದೊತ್ತಡದ ಯಂತ್ರ ನೋಡಿ ಓದಿದಳು. ಅವಳು ದ್ವೀಪದ ಆರೋಗ್ಯ ಕಾರ್ಯಕರ್ತೆ. ಮಡಿಲಲ್ಲಿದ್ದ ಟ್ಯಾಬ್ಲೆಟ್ಟಿನೊಳಗೆ ಕೊಲ್ಕತ್ತದ ಡಾಕ್ಟರ್ ಸುದೇಷ್ಣಾ ಕನ್ನಡಕ ತೆಗೆದರು.

"ಕಾಲು ಒತ್ತಿ ನೋಡು."

ಒತ್ತಿದಳು. ಫುಲ್ಲರಾಳ ಪಾದದಲ್ಲಿ ಬೆರಳಿನ ಗುಳಿ ಹಾಗೇ ಉಳಿಯಿತು. ಅವಳಿಗೆ ಎಂಟು ತಿಂಗಳು ತುಂಬಿತ್ತು.

"ಕಣ್ಣು ಮಂಜಾಗ್ತಿದೆಯೇನಮ್ಮ?"

"ಸ್ವಲ್ಪ," ಎಂದಳು ಫುಲ್ಲರಾ.

"ಝರ್ನಾ, ಈ ನೀರಲ್ಲೇ ದೋಣಿ ಹತ್ತಿಸು. ಮಾತ್ರೆಗೆ ಬಗ್ಗೋದಲ್ಲ ಇದು. ಫಿಟ್ಸ್ ಬಂದ್ರೆ ತಾಯೀನೂ ಉಳಿಯಲ್ಲ, ಮಗೂನೂ ಉಳಿಯಲ್ಲ."

ಈ ನೀರು ಎಂದರೆ ಈ ಉಬ್ಬರ. ಹನ್ನೊಂದರ ಹೊತ್ತಿಗೆ ಅದು ಇಳಿದುಹೋದರೆ ಕಾಲುವೆಯಲ್ಲಿ ಬರೀ ಕೆಸರು. ಆಸ್ಪತ್ರೆಯ ದೋಣಿ ಮತ್ತೆ ಕದಲುವುದು ಸಂಜೆಗೆ. ಆಗ ಗಂಟೆ ಒಂಬತ್ತೂವರೆ.

"ಅವರು ಕಾಡಿಂದ ಬರೋ ತನಕ ನಾನು ಅಂಗಳ ದಾಟಲ್ಲ," ಎಂದಳು ಫುಲ್ಲರಾ.

ಗಂಡ ಜೇನು ಕೀಳಲು ಹೋದರೆ ಹೆಂಡತಿ ತಲೆಗೆ ಎಣ್ಣೆ ಹಚ್ಚುವುದಿಲ್ಲ, ಬೈತಲೆಗೆ ಸಿಂಧೂರ ಇಡುವುದಿಲ್ಲ, ಹಗಲು ಒಲೆ ಹೊತ್ತಿಸುವುದಿಲ್ಲ, ಅಂಗಳ ದಾಟುವುದಿಲ್ಲ. ದಾಟಿದರೆ ಕಾಡು ಕಾಯುವ ದೇವಿ ಬನಬೀಬಿ ಅವನ ಮೇಲಿಟ್ಟ ಕಣ್ಣು ತೆಗೆಯುತ್ತಾಳೆ. ನಡುವೆ ಹೆಂಗಸೊಬ್ಬಳು ಮನೆ ಬಿಟ್ಟು ಹೊರಟಳೆಂದರೆ ಕಾಯಲು ಇನ್ನು ಯಾರೂ ಇಲ್ಲ ಎಂದೇ ಅರ್ಥ. ಝರ್ನಾಳ ತಾಯಿಯೂ ಹೀಗೇ ಕೂತವಳು. ಮೂಢನಂಬಿಕೆ ಎಂದು ಬೈಯಲು ಅವಳಿಗೆ ನಾಲಗೆ ಬರಲಿಲ್ಲ.

"ಅತ್ತೆದು ಬಿ.ಪಿ. ನೋಡಿದ್ರಾ ಅಕ್ಕ? ನಿನ್ನೆಯಿಂದ ಏನೂ ತಿಂದಿಲ್ಲ ಅವರು."

"ಮೊದ್ಲು ನಿನ್ನದು ನೋಡ್ಕೊಳ್ಳೇ ತಾಯಿ," ಎಂದು ಗದರಿ ಝರ್ನಾ ಹೊರಗೆ ಬಂದಳು.

ಹೇಳಿಬಿಡಬಹುದಿತ್ತು. ಜೇನಿಗೆ ಹೋದವರ ದೋಣಿ ಸೋಮವಾರವೇ ಬಂದಿತ್ತು, ಇವತ್ತು ಗುರುವಾರ. ನಾಲ್ವರು ಹೋಗಿದ್ದರು, ಮೂವರು ಇಳಿದರು. ಫುಲ್ಲರಾಳ ಗಂಡ ನಿರಾಪದನನ್ನು ಹುಲಿ ಹೊತ್ತೊಯ್ದಿತ್ತು; ಅವನದು ಎಂದು ಬಂದದ್ದು ಹರಿದ ಹೆಗಲುವಸ್ತ್ರವೊಂದೇ. ಅವನ ತಾಯಿ ಕಾಮಿನಿ ದಡದಲ್ಲೇ ನಿಂತಿದ್ದಳು. ಅಳಲಿಲ್ಲ. ವಸ್ತ್ರವನ್ನು ಮಡಚಿ ಸೆರಗಿನೊಳಗೆ ಇಟ್ಟುಕೊಂಡು, "ನನ್ನ ಸೊಸೆಗೆ ಹೇಗೆ ಹೇಳ್ಲಿ?" ಎಂದಳು, ಅಷ್ಟೇ. ಎಂಥ ಗಟ್ಟಿಗಿತ್ತಿ ಎಂದರು ಊರವರು.

ಝರ್ನಾ ಅಲ್ಲೇ ಟ್ಯಾಬ್ಲೆಟ್ಟು ತೆರೆದಿದ್ದಳು. ದಿನಕ್ಕೆ ಏಳು ದ್ವೀಪಗಳ ಎಂಬತ್ತು ರೋಗಿಗಳನ್ನು ನೋಡುವ ಡಾಕ್ಟರು ಅವರು. ಒಬ್ಬರ ಕಡತ ಮುಚ್ಚಿದ ಮೇಲೇ ಇನ್ನೊಬ್ಬರದು ತೆರೆಯುವುದು. ಫುಲ್ಲರಾಳ ಕಡತ ನೋಡಿ ಹೇಳಿದರು: "ಹೆರಿಗೆ ಆಗೋ ತನಕ ಯಾರೂ ಬಾಯಿ ಬಿಡಬೇಡಿ. ಈ ಒತ್ತಡಕ್ಕೆ ಆಘಾತವೂ ಸೇರಿದ್ರೆ ಇಲ್ಲಿ ಕೂತು ನಾನೇನೂ ಮಾಡೋಕಾಗಲ್ಲ."

ಊರಿಗೆ ಊರೇ ಬಾಯಿ ಹೊಲಿದುಕೊಂಡಿತು. ಬಾತುಕೋಳಿಯ ನೆಪದಲ್ಲಿ ವರ್ಷವಿಡೀ ಜಗಳ ಕಾಯುತ್ತಿದ್ದ ಪಕ್ಕದ ಮನೆಯ ಮೊಯ್ನಾ ಕೂಡ ಏಡಿ ಸಾರು ತಂದುಕೊಟ್ಟು ಸುಮ್ಮನೆ ಹೋದಳು.

ಹೇಳಿದರೆ ಫಿಟ್ಸು. ಹೇಳದಿದ್ದರೆ ಇವಳು ಕದಲುವುದಿಲ್ಲ, ಆಗಲೂ ಫಿಟ್ಸು. ಅತ್ತ ದರಿ, ಇತ್ತ ಪುಲಿ. ಈ ಊರಲ್ಲಿ ಗಾದೆಯನ್ನೂ ಹಿಂದೆ ಮುಂದೆ ನೋಡಿ ಆಡಬೇಕು.

ಕಾಮಿನಿಯೇ ಒಳಗೆ ಹೋದಳು. "ಹೋಗು ಮಗಳೇ. ನಿನ್ನ ಬದಲು ನಾನು ಅಂಗಳದಲ್ಲಿ ಕೂರ್ತೀನಿ. ಬನಬೀಬಿಗೆ ನಾನು ಹೇಳ್ಕೊತೀನಿ."

"ನೀವು ಎರಡು ತುತ್ತು ತಿಂದು ಮಲಗಿ ಅತ್ತೆ. ನಿಮ್ಮ ಮಗ ಬರ್ಲಿ, ಒಟ್ಟಿಗೇ ಹೋಗೋಣ. ಜೇನು ತರದೆ ಬಂದ್ರೆ ಮಾತ್ರ ಒಳಗೆ ಸೇರಿಸ್ಬೇಡಿ," ಎಂದು ಫುಲ್ಲರಾ ನಕ್ಕಳು.

ಕಾಮಿನಿಯೂ ನಕ್ಕಳು. ನಕ್ಕು, ಕೊಡ ಎತ್ತಿಕೊಂಡು ಕೊಳದ ಕಡೆ ಹೋದಳು. ಕೊಡದಲ್ಲಿ ಆಗಲೇ ನೀರು ತುಂಬಿತ್ತು.

ಹತ್ತೂವರೆಗೆ ದೋಣಿಯವನು ಮೊದಲ ಸಲ ಕೂಗು ಹಾಕಿದ. ಕೊಟ್ಟ ಮಾತ್ರೆ ಏನೂ ಮಾಡಿರಲಿಲ್ಲ. ನೂರ ಎಂಬತ್ತು ದಾಟಿತ್ತು.

"ಗಂಡ ಆಸ್ಪತ್ರೆ ಹತ್ರಾನೇ ಇಳಿದಿದಾನೆ, ಅಲ್ಲೇ ಕಾಯ್ತಿದಾನೆ ಅನ್ನು," ಎಂದರು ಡಾಕ್ಟರು. "ಸುಳ್ಳಿನ ಪಾಪ ನನಗಿರಲಿ."

ಝರ್ನಾ ಹಾಗೇ ಹೇಳಿದಳು. ಫುಲ್ಲರಾ ಅವಳ ಮುಖವನ್ನೇ ನೋಡಿದಳು.

"ಅವರು ಬಂದ್ರೆ ಮೊದ್ಲು ಅಮ್ಮನ ಮುಂದೆ ನಿಲ್ತಾರೆ ಅಕ್ಕ. ಅಲ್ಯಾಕೆ ಇಳೀತಾರೆ?"

ಝರ್ನಾಗೆ ಅಳು ಬಂತು, ಸಿಟ್ಟೂ ಬಂತು. ಬೇಡಿದಳು, ಬೈದಳು, ಕೈ ಹಿಡಿದು ಎಳೆದಳು. ಫುಲ್ಲರಾ ಬಾಗಿಲ ಕಂಬವನ್ನು ತಬ್ಬಿ ಕೂತಳು. ಬಸುರಿಯನ್ನು ಕಿತ್ತು ಹೊತ್ತೊಯ್ಯುವುದು ಯಾರ ಕೈಲಾಗುತ್ತದೆ? ದೋಣಿಯವನು ಎರಡನೆಯ ಸಲ ಕೂಗಿದ, ಮೂರನೆಯ ಸಲ ಕೂಗಿದ. ಹನ್ನೊಂದೂಕಾಲಿಗೆ ಕೂಗು ನಿಂತಿತು. ಕಾಲುವೆಯಲ್ಲಿ ಕೆಸರು ಮೇಲೆದ್ದು ದೋಣಿಯನ್ನು ಹಿಡಿದುಕೊಂಡಿತ್ತು.

"ಹೇಳಿಬಿಡು," ಎಂದರು ಡಾಕ್ಟರು ಸೋತ ದನಿಯಲ್ಲಿ. "ಸಂಜೆ ನೀರಿಗಾದ್ರೂ ಹೊರಡ್ಲಿ. ನಾನೂ ಕೇಳ್ತಾ ಇರ್ತೀನಿ."

ಝರ್ನಾ ಬಾಗಿಲು ಮುಂದೆ ಮಾಡಿ ಅವಳ ಪಕ್ಕ ಕೂತಳು.

"ಫುಲ್ಲರಾ, ನಿರಾಪದ..."

ಫುಲ್ಲರಾ ಥಟ್ಟನೆ ಅವಳ ಬಾಯಿಗೆ ಕೈ ಅಡ್ಡ ಇಟ್ಟಳು. ಅಂಗಳದ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಮೆತ್ತಗೆ ಅಕ್ಕ. ಸೋಮವಾರದಿಂದ ಗೊತ್ತು ನಂಗೆ. ಮೊಯ್ನಾ ಜಗಳ ಬಿಟ್ಟು ಸಾರು ಕೊಟ್ರೆ ಅರ್ಥ ಆಗಲ್ವಾ? ಆದ್ರೆ ನಾನು ಮನೆ ಬಿಟ್ಟ ಗಳಿಗೇಲಿ ಮಗ ಇಲ್ಲ ಅಂತ ಅತ್ತೆಗೆ ಗೊತ್ತಾಗಿಬಿಡುತ್ತೆ. ಅವರ ಹೃದಯ ತೀರಾ ಸೋತಿದೆ, ಕೆಟ್ಟ ಸುದ್ದಿ ಕಿವಿಗೆ ಬೀಳದ ಹಾಗೆ ನೋಡ್ಕೋ ಅಂತ ಹೋದ ತಿಂಗಳು ನಂಗೆ ಹೇಳಿದ್ದು ಇದೇ ಡಾಕ್ಟ್ರಲ್ವಾ?"