ರೌನೊನ ಕಲ್ಲು

“ಇದು ರೊಟ್ಟಿ ಪೊಟ್ಟಣದ ಮೇಲೆ ಚೆನ್ನಾಗಿರುತ್ತೆ ಕಣಮ್ಮಾ. ನನ್ನ ಮಗನ ಕಲ್ಲಿನ ಮೇಲೆ ಬೇಡ,” ಎಂದು ಹೆಲ್ಲೆವಿ ಹಾಳೆಯನ್ನು ಸೈಮಿಯ ಕಡೆಗೇ ಸರಿಸಿದರು.

ಸೈಮಿಗೆ ಮುಖಕ್ಕೆ ಹೊಡೆದಂತಾಯಿತು. ಹನ್ನೊಂದು ವರ್ಷದಿಂದ ಯೊಎನ್ಸೂ ಪಟ್ಟಣದ ಬೇಕರಿಗಳಿಗೆ ರೊಟ್ಟಿ ಪೊಟ್ಟಣಗಳನ್ನೇ ವಿನ್ಯಾಸ ಮಾಡಿಕೊಂಡು ಬಂದವಳು ಅವಳು. ಹೆಲ್ಲೆವಿಯ ಮಗ ರೌನೊ ಹೆವಿ ಮೆಟಲ್ ತಂಡವೊಂದರಲ್ಲಿ ಡ್ರಮ್ ಬಾರಿಸುತ್ತಿದ್ದ, ವಸಂತದಲ್ಲಿ ತೀರಿಕೊಂಡ. ಅಂಥ ತಂಡಗಳ ಮುಳ್ಳುಮುಳ್ಳಾದ, ಗೋಜಲು ಅಕ್ಷರದ ಲೋಗೊ ಇರುವಂತೆಯೇ ಅವನ ಹೆಸರು ಸಮಾಧಿಯ ಕಲ್ಲಿನ ಮೇಲೆ ಬರಬೇಕೆಂದು ತಾಯಿ ಕೇಳಿದ್ದರು. ಸೈಮಿ ಎರಡು ತಿಂಗಳು ಅದರಲ್ಲೇ ಮುಳುಗಿದ್ದಳು. ಕೊನೆಗೆ, ಎಪ್ಪತ್ತೈದರ ಮುದುಕಿಗೆ ಇಷ್ಟೆಲ್ಲ ಮುಳ್ಳು ಏನು ಅರ್ಥವಾದೀತು ಎಂದುಕೊಂಡು, ಒಂದು ಮಾತೂ ಕೇಳದೆ, ಎಲ್ಲವನ್ನೂ ಸವರಿ ನುಣ್ಣಗೆ ಮಾಡಿ ತಂದಿದ್ದಳು.

ಮೇಜಿನ ಆಚೆ ಕೂತಿದ್ದ ಸ್ಮಶಾನದ ಮೇಲ್ವಿಚಾರಕ ಉರ್ಪೊ ಕಿಟಕಿಯಾಚೆ ನೋಡಿದ. ಅವನು ಇವತ್ತು ಮುದ್ರೆ ಒತ್ತಿದರೆ ನೆಲ ಹೆಪ್ಪುಗಟ್ಟುವ ಮೊದಲೇ ಕಲ್ಲು ನಿಲ್ಲುತ್ತಿತ್ತು. ಇಲ್ಲವಾದರೆ ಮುಂದಿನ ಬೇಸಿಗೆಯವರೆಗೆ ರೌನೊನ ತಲೆಯ ಬಳಿ ಮರದ ಹಲಗೆಯೇ ಗತಿ.

“ಇನ್ನೊಂದು ಇದೆ,” ಎಂದು ಸೈಮಿ ತಗ್ಗಿದ ದನಿಯಲ್ಲಿ ಹೇಳಿ, ಫೈಲಿನ ತಳದಿಂದ ಮೊದಲು ಬರೆದಿದ್ದ ಹಾಳೆಯನ್ನು ಎಳೆದಳು.

ಉರ್ಪೊ ಅದನ್ನು ಅತ್ತ ತಿರುಗಿಸಿದ, ಇತ್ತ ತಿರುಗಿಸಿದ. “ಗಾಳಿಗೆ ಬಿದ್ದ ಮರದ ಬೇರು ಇದ್ದಂಗಿದೆಯಲ್ಲಮ್ಮ. ಇದರಲ್ಲಿ ಹೆಸರೆಲ್ಲಿದೆ? ನಮ್ಮಲ್ಲಿ ಇರೋದು ಒಂದೇ ನಿಯಮ, ಓದಕ್ಕೆ ಬರಬೇಕು.”

“ರೌನೊ ಕತಾಯಾ,” ಎಂದರು ಹೆಲ್ಲೆವಿ. ಹಾಳೆ ಅವರ ಕಡೆಗೆ ತಲೆಕೆಳಗಾಗಿತ್ತು.

“ನಿಮ್ಮ ಮಗನ ಹೆಸರು ನಿಮಗೆ ಗೊತ್ತಿರೋದೇ. ಅದನ್ನ ಓದೋದು ಅಂತಾರಾ?”

“ಹಾಗಾದ್ರೆ ಬೇರೆ ಯಾವುದಾದ್ರೂ ಕೊಡಪ್ಪ.”

ಸೈಮಿಯ ಫೈಲಿನಲ್ಲಿ ಅವಳು ಅಭ್ಯಾಸಕ್ಕೆಂದು ಕೂಡಿಟ್ಟ ಬೇರೆ ತಂಡಗಳ ಲೋಗೊಗಳು ಒಂದು ಕಟ್ಟಿನಷ್ಟಿದ್ದವು. ಹೆಚ್ಚಿನವನ್ನು ಅವಳಿಗೇ ಯಾರೋ ಓದಿ ಹೇಳಬೇಕಾಗಿತ್ತು. ಉರ್ಪೊ ಕಣ್ಣಿಗೆ ಬಿದ್ದ ಒಂದನ್ನು ಎಳೆದು ಮುಂದಿಟ್ಟ.

“ಇದು ‘ಬೂದಿಯ ಜೌಗು’,” ಎಂದರು ಹೆಲ್ಲೆವಿ, ಕನ್ನಡಕವನ್ನೂ ಹಾಕಿಕೊಳ್ಳದೆ.

ಉರ್ಪೊ ಹಿಂಬದಿ ತಿರುಗಿಸಿ ನೋಡಿದ. ಸೈಮಿ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದ ಹೆಸರು ಅದೇ. ಅವನು ಇನ್ನೂ ಗೋಜಲಾದ ಒಂದನ್ನು ಹುಡುಕಿ ಇಟ್ಟ.

“‘ತೋಳದ ಉಪವಾಸ’. ಈ ತಂಡದವರು ಸ್ವಲ್ಪ ಅತಿ ಮಾಡ್ತಾರೆ ಅಂತ ರೌನೊ ಬೈತಿದ್ದ.”

ಮೂರನೆಯದೂ ಸರಿಯಾಯಿತು. ನಾಲ್ಕನೆಯದನ್ನು ಎಳೆಯಲು ಹೋದ ಉರ್ಪೊ ಕೈ ಹಿಂದಕ್ಕೆ ತೆಗೆದುಕೊಂಡ. ಸೈಮಿ ಬಿಟ್ಟ ಕಣ್ಣು ಬಿಟ್ಟಂತೆ ಕೂತಿದ್ದಳು. ಭಾನುವಾರ ತಪ್ಪದೆ ಚರ್ಚಿಗೆ ಹೋಗುವ, ಕಸೂತಿ ಕಾಲರಿನ ಈ ಹೆಂಗಸಿನ ಮುಂದೆ ತನ್ನ ಎರಡು ತಿಂಗಳ ಕಲಿಕೆ ಅವಳಿಗೆ ಮಕ್ಕಳಾಟದಂತೆ ಕಂಡಿತು.

“ಇದನ್ನೆಲ್ಲ ನಿಮಗೆ ಯಾರು ಕಲಿಸಿದ್ರು?” ಎಂದು ಕೇಳಿದಳು.

“ಯಾರೂ ಇಲ್ಲ. ಇಪ್ಪತ್ತೆರಡು ವರ್ಷ, ಈ ತಂಡಗಳ ಹೆಸರು ಅಚ್ಚಾದ ಅವನ ಕರಿ ಅಂಗಿಗಳನ್ನ ಒಗೆದಿದೀನಿ. ಒಳಮೈ ಹೊರಗೆ ಮಾಡಿ ಒಗೀಬೇಕು, ಇಲ್ಲಾಂದ್ರೆ ಅಚ್ಚು ಬಿರಿಯುತ್ತೆ. ಒಣಗಿದ ಮೇಲೆ ಸರಿಮಾಡಿ ಮಡಚಬೇಕು. ಮಡಚೋವಾಗ ಒಂದೊಂದನ್ನೂ ಕೂತು ಓದ್ತಿದ್ದೆ.” ಹೆಲ್ಲೆವಿ ಮೇಜಿನ ಮೇಲಿದ್ದ ಲೋಗೊಗಳನ್ನು ಒಂದರ ಮೇಲೊಂದು ಜೋಡಿಸಿಟ್ಟರು. “ಮನೇಲಿ ಅವನು ದಿನಕ್ಕೆ ನಾಲ್ಕು ಮಾತಾಡಿದ್ರೆ ಹೆಚ್ಚು. ಅಂಗಿ ಓದದೇ ಇದ್ದಿದ್ರೆ ಅವನ ತಲೇಲಿ ಏನಿದೆ ಅಂತ ನನಗೆ ಗೊತ್ತೇ ಆಗ್ತಿರಲಿಲ್ಲ.”

ತಾನು ಸವರಿ ತೆಗೆದಿದ್ದು ಮುಳ್ಳನ್ನಲ್ಲ, ಈ ತಾಯಿ ಒಬ್ಬಳೇ ಕೂತು ಕಲಿತ ಭಾಷೆಯನ್ನು ಎಂದು ತಿಳಿದು ಸೈಮಿಗೆ ನಾಚಿಕೆಯಾಯಿತು. ನುಣುಪು ಅಕ್ಷರದ ಹಾಳೆಯನ್ನು ಎರಡಾಗಿ ಹರಿದು ಚೀಲಕ್ಕೆ ತುರುಕಿದಳು.

ಉರ್ಪೊ ಮುದ್ರೆಯನ್ನು ಶಾಯಿಗೆ ಒತ್ತಿ, ಬೇರಿನಂಥ ಆ ಹೆಸರಿನ ಕೆಳಗೆ ಜೋಪಾನವಾಗಿ ಊರಿದ. “ನಿಯಮದ ಪ್ರಕಾರ ಓದಕ್ಕೆ ಬರುತ್ತೆ,” ಎಂದು ತನಗೆ ತಾನೇ ಹೇಳಿಕೊಂಡ.

ಹೆಲ್ಲೆವಿ ಎದ್ದು ಕೋಟಿನ ಗುಂಡಿ ಹಾಕಿಕೊಂಡರು. ಬಾಗಿಲವರೆಗೆ ಹೋದವರು ತಿರುಗಿ ನಿಂತರು.

“ಸೈಮಿ, ಕಲ್ಲಿನ ಮೇಲೆ ಅವನ ಹೆಸರಿನ ಕೆಳಗೆ ಜಾಗ ಬಿಡಕ್ಕೆ ಹೇಳು. ನನ್ನ ಹೆಸರನ್ನೂ ಈಗಲೇ ಹಾಳೇಲಿ ಬರೆದಿಡು.”

“ನಿಮ್ಮದು ಯಾವ ಅಕ್ಷರದಲ್ಲಿ?”

“ಇದರಲ್ಲೇ. ಮುಳ್ಳು ಮಾತ್ರ ಅವನದಕ್ಕಿಂತ ಜಾಸ್ತಿ ಇರಲಿ. ನಾನು ಅವನ ತಾಯಿ.”