ದೇವದಾರುವಿನ ಖುದ್ದು ಹಾಜರಿ

ಅಳಿವಿನಂಚಿನ ಪಟ್ಟಿಯಲ್ಲಿರುವ ಜೀವಿಗಳೆಲ್ಲ ಪ್ರತಿ ನವೆಂಬರಿನಲ್ಲಿ ಕಚೇರಿಗೆ ಬಂದು, ಬದುಕಿರುವುದನ್ನು ತೋರಿಸಿ ಹೋಗಬೇಕು. ಬಾರದಿದ್ದರೆ ಅವುಗಳ ಪಾಲಿನ ನೀರು ಬಂದ್. ನನಗೆ ಸಾಕಲು ಕೊಟ್ಟಿರುವುದು ಒಂದು ಕಾಡುಪಾಪ, ಒಂದು ದೇವದಾರು. ಬುಟ್ಟಿಯಲ್ಲಿ ತಂದಿದ್ದ ಕಾಡುಪಾಪ ನಿದ್ದೆಗಣ್ಣಲ್ಲೇ ಹೆಬ್ಬೆಟ್ಟು ಒತ್ತಿತು.

"ಸಸ್ತನಿ ಆಯ್ತು. ಮರ ಎಲ್ಲಿ, ಚೆನ್ನಾಜಮ್ಮ?" ಎಂದ ಗುಮಾಸ್ತ ಮಾದಪ್ಪ.

ಹಸಿರು ರೆಂಬೆ ತೋರಿಸಿದೆ.

"ರೆಂಬೆ ನಡೆಯಲ್ಲ. ಖುದ್ದು ಹಾಜರಾಗ್ಬೇಕು."

"ಬೆಳಿಗ್ಗೆಯಿಂದ ಎಲ್ಲ ಕೌಂಟರಲ್ಲೂ ಅದನ್ನೇ ಬಡ್ಕೋತಿದೀನಿ ಸಾರ್. ಅದು ಮರ. ನೆಲದಲ್ಲಿ ಬೇರು ಬಿಟ್ಕೊಂಡಿದೆ. ಹೆಂಗ್ ಬರುತ್ತೆ?"

"ವರ್ಗ ಬೇರೆಯಾದ್ರೂ ಪಟ್ಟಿಯಲ್ಲಿ ಎರಡರ ಸ್ಥಿತಿಯೂ ಒಂದೇ, ಅಳಿವಿನಂಚು. ಹಂಗಾಗಿ ಫಾರಂ ಒಂದೇ, ರೂಲ್ಸೂ ಒಂದೇ. ಹೋದ ವರ್ಷ ಒಬ್ರು ಸುಮ್ನೆ ತಂದು ತೋರಿಸ್ಲಿಲ್ವಾ?"

ಅವನು ಮೂಲೆಯತ್ತ ಕೈ ಮಾಡಿದ. ಅಲ್ಲಿ ಒಣಗಿದ ದೇವದಾರುವೊಂದು ಬೇರುಸಮೇತ ಗೋಡೆಗೆ ಒರಗಿತ್ತು. ಅದರ ಕಾಂಡದ ಮೇಲೆ ಕಚೇರಿಯ ನೀಲಿ ಮೊಹರು: 'ಜೀವಂತವಿದೆ'.