ಒಂದು ಚಿಟಿಕೆ ಕೆರೆಮಣ್ಣು

“ಕಚ್ಚಿ ನೋಡಮ್ಮ, ಹಲ್ಲಿಗೆ ಗರಗರ ಅಂದ್ರೆ ಮರಳು, ನುಣ್ಣಗಿದ್ರೆ ಜೇಡಿ,” ಎಂದರು ಕೊಡೆಯ ಕೆಳಗಿನಿಂದ ಪ್ರೊಫೆಸರ್ ತಿಪ್ಪೇಶ್. ಹೊಸದುರ್ಗದಾಚೆಯ ಬತ್ತಿದ ಕೆರೆಯಲ್ಲಿ, ಎದೆಮಟ್ಟದ ಗುಂಡಿಯೊಳಗೆ ನಿಂತಿದ್ದ ಅವರ ಸಂಶೋಧನಾ ವಿದ್ಯಾರ್ಥಿನಿ ಸಹನಾ ಸಾವಿರಾರು ವರ್ಷ ಹಳೆಯ ಮಣ್ಣನ್ನು ಮುಂಬಲ್ಲಿನಲ್ಲಿ ಅರೆದಳು. ಬೆಳಗಿನಿಂದ ಉಗುರಿಗೂ ಮಣ್ಣು ತಾಗಿಸಿಕೊಳ್ಳದ ಈ ಮಹಾನುಭಾವನ ಹೆಸರೇ ನಾಳೆ ಅವಳು ಬರೆಯುವ ಪ್ರಬಂಧದ ನೆತ್ತಿಯ ಮೇಲೆ ಕೂರುತ್ತದೆ.

ಹುಲ್ಲಿನ ಹೊರೆ ಹೊತ್ತು ಬಂದ ಊರಿನ ಹಾಲಮ್ಮ ಮಣ್ಣು ಮೆಲ್ಲುತ್ತಿದ್ದ ಹುಡುಗಿಯ ಬರಿಗೊರಳನ್ನು ನೋಡಿದಳು, ಆಮೇಲೆ ಕೊಡೆಯನ್ನು. “ಏನಪ್ಪ, ಬಯಕೆಗೆ ಮಣ್ಣು ತಿಂತೈತೆ ಕೂಸು. ಬಸುರು ಮಾಡಿ ನೆರಳಲ್ಲಿ ನಿಂತಿದೀಯಲ್ಲ, ತಾಳಿ ಕಟ್ಟೋಕೇನು ರೋಗ ನಿಂಗೆ? ಥೂ!”

“ಅಯ್ಯೋ, ಇದು ಮಣ್ಣಿನ ಪರೀಕ್ಷೆ ಕಣಮ್ಮ! ಹೇಳು ಸಹನಾ, ಹೇಳು!” ಪ್ರೊಫೆಸರ್ ಗುಂಡಿಯತ್ತ ಬಾಗಿದರು.

ಸಹನಾ ನಾಚಿದವಳಂತೆ ತಲೆ ತಗ್ಗಿಸಿ, ಇನ್ನೊಂದು ಚಿಟಿಕೆ ಮಣ್ಣು ಬಾಯಿಗೆ ಹಾಕಿಕೊಂಡಳು.